100 ಹೊರಿಸಿದರೆ 125 ಹೇಗೆ ಬಂತು?

ಒಮ್ಮೆ ಕಿರಿಯ ಎಂಜಿನಿಯರ್ ಒಬ್ಬರು ಒಂದು ಗ್ರಾಫ್ ತಂದು ನನ್ನ ಮೇಜಿನ ಮೇಲಿಟ್ಟರು. ನೀರು ತುಂಬಿದ 10 ಮೀಟರ್ ದಪ್ಪದ ಮೆತ್ತನೆಯ ಜೇಡಿಮಣ್ಣು, ಅದರ ಮೇಲೆ ಉದ್ದಕ್ಕೂ ಅಗಲಕ್ಕೂ ಸಮನಾಗಿ 100 ಕಿಲೋಪಾಸ್ಕಲ್ ಭಾರ. ಮೊದಲ ದಿನದ ಕಂಪ್ಯೂಟರ್ ಲೆಕ್ಕದಲ್ಲಿ, ಭಾರದಿಂದ ಏರಿದ ನೀರಿನ ಒತ್ತಡ ಮೇಲಿನಿಂದ ಒಂದು ಮೀಟರ್ ಕೆಳಗೆ 125, ಅದರ ಕೆಳಗೆ 94, ಮತ್ತೆ 102. ಹೊರಿಸಿದ್ದೇ 100. ಮಿಕ್ಕ 25 ಎಲ್ಲಿಂದ ಬಂತು?

“ಟೈಮ್ ಸ್ಟೆಪ್ ಇನ್ನೂ ಚಿಕ್ಕದು ಮಾಡ್ತೀನಿ ಸರ್, ಸರಿಹೋಗುತ್ತೆ” ಅಂದರು. ಟೈಮ್ ಸ್ಟೆಪ್ ಅಂದರೆ ಲೆಕ್ಕ ಒಂದು ಸಲಕ್ಕೆ ಮುಂದಿಡುವ ಕಾಲದ ಹೆಜ್ಜೆ. ಬೇರೆ ಲೆಕ್ಕಗಳಲ್ಲಿ ಆ ಮಾತು ನಿಜ. ಇಲ್ಲಿ ಉಲ್ಟಾ. ಚಿಕ್ಕದು ಮಾಡಿದರೆ ಈ ಏರಿಳಿತ ಇನ್ನೂ ಜಾಸ್ತಿಯಾಗುತ್ತದೆ.

ಮಣ್ಣಿನೊಳಗೆ ಆಗುವುದೇನು ಅಂತ ಮೊದಲು ನೋಡೋಣ. ಭಾರ ಬಿದ್ದ ಕ್ಷಣ ಅದನ್ನು ಹೊರುವುದು ಮಣ್ಣಿನ ಕಣಗಳಲ್ಲ, ನೀರು. ನೀರು ಕುಗ್ಗುವುದಿಲ್ಲ, ಜೇಡಿಮಣ್ಣಿನಲ್ಲಿ ಬೇಗ ಹೊರಗೆ ಹೋಗಲೂ ಆಗುವುದಿಲ್ಲ. ಅದು ಜಿನುಗಿ ಹೋದ ಹಾಗೆಲ್ಲ ಭಾರ ಕಣಗಳ ಮೇಲೆ ಬರುತ್ತದೆ, ನೆಲ ಕುಸಿಯುತ್ತದೆ. ಇದನ್ನು ಸಮೀಕರಣಕ್ಕೆ ಇಳಿಸಿದವರು ಕಾರ್ಲ್ ಟೆರ್ಜಾಗಿ, 1920ರ ದಶಕದಲ್ಲಿ. ಮೂರೂ ದಿಕ್ಕಿಗೆ ವಿಸ್ತರಿಸಿದವರು ಮಾರಿಸ್ ಬಯೋ, 1941ರಲ್ಲಿ. ಇವತ್ತಿನ ಸಾಫ್ಟ್‌ವೇರ್‌ಗಳ ಒಳಗೆ ಇರುವುದು ಹೆಚ್ಚುಕಮ್ಮಿ ಅದೇ.

ಆ ಮಣ್ಣಿನ ಕನ್ಸಾಲಿಡೇಶನ್ ಗುಣಾಂಕ, ಅಂದರೆ ನೀರು ಜಿನುಗಿ ಒತ್ತಡ ಇಳಿಯುವ ವೇಗದ ಅಳತೆ, ವರ್ಷಕ್ಕೆ 2 ಚದರ ಮೀಟರ್. ಅಂದರೆ ಒಂದು ದಿನದಲ್ಲಿ ಒತ್ತಡ ಇಳಿಯುವುದು ಮೇಲಿನ ಕೆಲವೇ ಸೆಂಟಿಮೀಟರ್ ಮಣ್ಣಿನಲ್ಲಿ. ಲೆಕ್ಕಕ್ಕಾಗಿ ಮಣ್ಣನ್ನು ತುಂಡು ತುಂಡಾಗಿ ಭಾಗಿಸಿದ ಜಾಲವೇ ಮೆಶ್, ಅದರ ತುಂಡೇ ಎಲಿಮೆಂಟ್. ಇಲ್ಲಿ ಒಂದೊಂದು ಎಲಿಮೆಂಟ್ ಮಾತ್ರ 1 ಮೀಟರ್. ಅಷ್ಟು ಚೂಪಾದ ಇಳಿತವನ್ನು ಒಂದು ಮೀಟರಿನ ನೇರ ಗೆರೆಯಲ್ಲಿ ಬರೆಯಲು ಹೇಗೆ ಸಾಧ್ಯ? ಗೆರೆ ಗುರಿ ದಾಟಿ ಮೇಲೆ ಹೋಗುತ್ತದೆ, ಪಕ್ಕದ ಬಿಂದು ಕೆಳಗೆ ಬೀಳುತ್ತದೆ.

ಫರ್ಮೀರ್ ಮತ್ತು ಫರೌಟ್ ಎಂಬ ಇಬ್ಬರು ಸಂಶೋಧಕರು 1981ರಲ್ಲಿ ಇದಕ್ಕೊಂದು ಅಳತೆ ಕೊಟ್ಟರು. ಎಲಿಮೆಂಟ್ ಎತ್ತರದ ವರ್ಗವನ್ನು ಗುಣಾಂಕದ ಆರು ಪಟ್ಟಿನಿಂದ ಭಾಗಿಸಿ. ಟೈಮ್ ಸ್ಟೆಪ್ ಅದಕ್ಕಿಂತ ಕಡಿಮೆ ಇರಬಾರದು. ನಮ್ಮ 1 ಮೀಟರಿಗೆ ಅದು ಒಂದು ತಿಂಗಳು! ಎಲಿಮೆಂಟ್ 10 ಸೆಂಟಿಮೀಟರ್ ಆದರೆ ಏಳು ಗಂಟೆ ಚಿಲ್ಲರೆ. ಮೊದಲ ದಿನ ಏನಾಯಿತು ಅಂತ ತಿಳಿಯಬೇಕಾದರೆ, ನೀರು ಹೊರಬೀಳುವ ಅಂಚಿನಲ್ಲಿ ಮೆಶ್ ಸಣ್ಣದಾಗಲೇಬೇಕು.

ಹಾಗಂತ ಒತ್ತಡ ಏರಿದ್ದೆಲ್ಲ ತಪ್ಪು ಅನ್ನಬೇಡಿ. ಎರಡು ಮೂರು ದಿಕ್ಕಿನ ಮಾದರಿಯಲ್ಲಿ ಒಳಗಿನ ಒತ್ತಡ ನಿಜವಾಗಿಯೂ ಸ್ವಲ್ಪ ಕಾಲ ಏರಬಹುದು. ಮ್ಯಾಂಡೆಲ್-ಕ್ರಯರ್ ಪರಿಣಾಮ ಅನ್ನುತ್ತಾರೆ. ಅದು ನಯವಾಗಿ ಏರಿ ಇಳಿಯುತ್ತದೆ, ಬಿಂದುವಿನಿಂದ ಬಿಂದುವಿಗೆ ಕುಣಿಯುವುದಿಲ್ಲ.

ಮೆಶ್ ಸರಿಮಾಡಿದ ಮೇಲೆ ಗ್ರಾಫ್ ನೆಟ್ಟಗಾಯಿತು. ಆಮೇಲೆ ನನ್ನನ್ನು ಕಾಡಿದ್ದು ಬೇರೆ. ಮಾದರಿಯಲ್ಲಿ ನೀರು ಮೇಲಕ್ಕೂ ಕೆಳಕ್ಕೂ ಹೋಗುವ ಹಾಗೆ ಬಿಟ್ಟಿದ್ದರು, ಅಂದರೆ ಜೇಡಿಯ ಕೆಳಗೆ ನೀರು ಬಿಡುವ ಮರಳು ಇದೆ ಅಂತ. ಹಾಗಿದ್ದರೆ ಕುಸಿತದ ಶೇಕಡ 90 ಮುಗಿಯಲು ಸುಮಾರು 10.6 ವರ್ಷ. ಕೆಳದಾರಿ ಮುಚ್ಚಿದ್ದರೆ 42 ವರ್ಷ. ಒಂದೇ ಒಂದು ಕ್ಲಿಕ್ಕಿನ ವ್ಯತ್ಯಾಸ, ಅಲ್ವಾ? ಮಣ್ಣಿನ ಯಾವ ಸುಧಾರಿತ ಮಾದರಿ ಹಾಕಿದರೂ ಇಷ್ಟು ದೊಡ್ಡ ತಪ್ಪನ್ನು ತಿದ್ದಲಾರದು.

“ಕೆಳಗೆ ಮರಳು ಇದೆ ಅಂತ ಯಾರು ಹೇಳಿದ್ದು?” ಅಂತ ಕೇಳಿದೆ. ಬೋರ್‌ಹೋಲ್ ದಾಖಲೆ ತೆಗೆದು ನೋಡಿದೆವು. ಬೋರ್ 10 ಮೀಟರಿಗೇ ನಿಂತಿತ್ತು, ಕೊನೆಯ ಸ್ಯಾಂಪಲ್ ಕೂಡ ಜೇಡಿಯೇ. ಇನ್ನೂ ಆಳಕ್ಕೆ ಒಂದು ಬೋರ್ ಹಾಕಿಸಿ ಎಂದು ಅವತ್ತು ಸಂಜೆಯೇ ಪತ್ರ ಬರೆದೆವು.