ಸಿಕ್ಕಿಕೊಂಡ ಕೋರೆ ಹಲ್ಲು: ಅಂಗುಳದ ಕಡೆಯೋ, ತುಟಿಯ ಕಡೆಯೋ?

ಮೊನ್ನೆ ಡೆಂಟಲ್ ವೈವಾದಲ್ಲಿ (ಮೌಖಿಕ ಪರೀಕ್ಷೆ) ಮೇಡಂ ಎರಡು ಎಕ್ಸ್‌ರೇ ಫಿಲ್ಮ್ ಕೈಗಿಟ್ಟು "ಈ ಕೆನೈನ್ ಎಲ್ಲಿದೆ?" ಅಂದರು. ಕೆನೈನ್ ಅಂದರೆ ಕೋರೆ ಹಲ್ಲು. ನಾನು ಧೈರ್ಯವಾಗಿ "ಬಕ್ಕಲ್ ಮೇಡಂ" ಅಂದೆ, ಅಂದರೆ ತುಟಿಯ ಕಡೆ. ತಪ್ಪಾಗಿತ್ತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮೇಲಿನ ಕೋರೆ ಹಲ್ಲು ಹುಟ್ಟುವುದು ಬಹಳ ಎತ್ತರದಲ್ಲಿ. ಒಂದು ಪಕ್ಕ ಮೂಗಿನ ಪೊಳ್ಳು, ಇನ್ನೊಂದು ಪಕ್ಕ ಮ್ಯಾಕ್ಸಿಲರಿ ಸೈನಸ್ (ಮೇಲ್ದವಡೆಯೊಳಗಿನ ಗಾಳಿ ಪೊಳ್ಳು), ಮೇಲೆ ಕಣ್ಣಿನ ಗುಂಡಿ. 5ರಿಂದ 15ನೇ ವಯಸ್ಸಿನೊಳಗೆ ಸುಮಾರು 22 ಮಿ.ಮೀ. ದಾರಿ ಸವೆಸಬೇಕು. ಪಕ್ಕದ ಬಾಚಿಹಲ್ಲಾದ ಲ್ಯಾಟರಲ್ ಇನ್ಸೈಸರಿನ ಬೇರನ್ನು ಸವರಿಕೊಂಡೇ ಇಳಿಯುತ್ತದೆ. ಆ ಲ್ಯಾಟರಲ್ ಸಣ್ಣದಿದ್ದರೆ ಅಥವಾ ಇಲ್ಲದೇ ಇದ್ದರೆ ದಾರಿ ತಪ್ಪುತ್ತದೆ ಅನ್ನುವುದು ಒಂದು ವಾದ, ವಂಶದಿಂದ ಬರುತ್ತದೆ ಅನ್ನುವುದು ಇನ್ನೊಂದು. ಎರಡನ್ನೂ ಬರೆಯಿರಿ, ಅಂಕ ಎರಡಕ್ಕೂ ಇದೆ. ಬುದ್ಧಿ ಹಲ್ಲು ಬಿಟ್ಟರೆ ಹೊರಬರಲಾಗದೆ ಅತಿ ಹೆಚ್ಚು ಸಿಕ್ಕಿಕೊಳ್ಳುವುದು ಇದೇ. ನೂರರಲ್ಲಿ ಒಬ್ಬಿಬ್ಬರಿಗೆ, ಹುಡುಗಿಯರಿಗೆ ಜಾಸ್ತಿ.

9–10ನೇ ವಯಸ್ಸಿಗೆ ತುಟಿ ಎತ್ತಿ ಬೆರಳಾಡಿಸಿದರೆ ಉಬ್ಬು ಸಿಗಬೇಕು. ಓಪಿಡಿಯಲ್ಲಿ ತಾಯಂದಿರು "ಹಾಲು ಹಲ್ಲು ಇನ್ನೂ ಬಿದ್ದಿಲ್ರೀ ಡಾಕ್ಟರ್, ತಾನೇ ಬೀಳತೈತಿ ಬಿಡ್ರಿ" ಅನ್ನುತ್ತಾರೆ. ಉಬ್ಬು ಸಿಗದಿದ್ದರೆ ಬಿಡಬಾರದು. ಅಂಗುಳದ ಕಡೆ ಹೊರಳಿದ ಕೋರೆಗೆ ಆ ಹಾಲು ಹಲ್ಲು ಕಿತ್ತರೆ ಎಷ್ಟೋ ಸಲ ಅದೇ ದಾರಿಗೆ ಬರುತ್ತದೆ. ಎರಿಕ್ಸನ್ ಮತ್ತು ಕುರೋಲ್ 1988ರಲ್ಲಿ ತೋರಿಸಿದ ಲೆಕ್ಕ: ಕೋರೆಯ ಕ್ರೌನ್ (ಹಲ್ಲಿನ ತಲೆ ಭಾಗ) ಇನ್ನೂ ಲ್ಯಾಟರಲ್ ಬೇರಿನ ನಡುಗೆರೆ ದಾಟಿರದಿದ್ದರೆ 91% ಕೋರೆಗಳು ದಾರಿಗೆ ಬಂದವು, ದಾಟಿದ್ದರೆ 64%.

ಈಗ ನಾನು ಎಡವಿದ ಜಾಗ. "ಸೇಮ್ ಲಿಂಗ್ವಲ್, ಆಪೊಸಿಟ್ ಬಕ್ಕಲ್" ಎಲ್ಲರಿಗೂ ಬಾಯಿಪಾಠ: ಎರಡು ಫಿಲ್ಮ್‌ಗಳ ನಡುವೆ ಎಕ್ಸ್‌ರೇ ಟ್ಯೂಬ್ ಸರಿದ ಕಡೆಗೇ ಹಲ್ಲೂ ಸರಿದರೆ ಅದು ಒಳಗೆ, ಅಂಗುಳದ ಕಡೆ; ಉಲ್ಟಾ ಸರಿದರೆ ತುಟಿಯ ಕಡೆ. ಆದರೆ ಯಾವುದಕ್ಕೆ ಹೋಲಿಸಿ ಸೇಮ್? ನಾನು ಫಿಲ್ಮಿನ ಅಂಚಿಗೆ ಹೋಲಿಸಿದ್ದೆ. ಅಂಚನ್ನು ನಂಬಬೇಡಿ, ಫಿಲ್ಮ್ ಇಟ್ಟಂತೆ ಅದು ಬದಲಾಗುತ್ತದೆ. ಹೋಲಿಸಬೇಕಾದ್ದು ಲ್ಯಾಟರಲ್ ಬೇರಿಗೆ.

ಸ್ಟೇಷನ್ ಕಡೆಯಿಂದ ಟಂಟಂ ಆಟೋದಲ್ಲಿ ಬರುವಾಗ ಗೋಲಗುಮ್ಮಟ ನೋಡಿ. ಹತ್ತಿರದ ಲೈಟ್ ಕಂಬ ಹಿಂದಕ್ಕೆ ಓಡುತ್ತದೆ, ಗುಮ್ಮಟ ನಮ್ಮ ಜೊತೆಗೇ ಬರುತ್ತದೆ ಅಲ್ವಾ? ನಿಮ್ಮ ಕಣ್ಣು ಟ್ಯೂಬ್. ಕಂಬ ಲ್ಯಾಟರಲ್ ಬೇರು. ಕಂಬದ ಆಚೆ ಇರುವ ಗುಮ್ಮಟ, ಅಂಗುಳದ ಕಡೆಯ ಕೋರೆ. ಟ್ಯೂಬ್ ಹಿಂದಿನ ಹಲ್ಲುಗಳ ಕಡೆ ಸರಿದಾಗ, ಬೇರಿಗೆ ಹೋಲಿಸಿದರೆ ಕೋರೆಯೂ ಅದೇ ಕಡೆ ಸರಿದಿದೆಯೇ? ಹಾಗಿದ್ದರೆ ಪ್ಯಾಲಟಲ್ (ಅಂಗುಳದ ಕಡೆ). ಪಾತ್ರ ಅದಲು ಬದಲಾಗಿ ಕೋರೆಯೇ ಕಂಬದಂತೆ ಉಲ್ಟಾ ಓಡಿದರೆ ಬಕ್ಕಲ್. ಇಷ್ಟೇ. ಟಂಟಂ ಹತ್ತಿದಾಗಲೆಲ್ಲ ಕಂಬ ನೋಡುತ್ತಾ ಕೂರುವ ಚಟ ಹತ್ತಿದೆ ನನಗೆ.

ಮೇಡಂ ಕೊಟ್ಟಿದ್ದು ಅದಕ್ಕೂ ಕಿತಾಪತಿ: ಒಂದು ಓಪಿಜಿ (ಇಡೀ ದವಡೆ ಕಾಣುವ ಎಕ್ಸ್‌ರೇ), ಒಂದು ಆಕ್ಲೂಸಲ್ (ಹಲ್ಲುಗಳ ನಡುವೆ ಫಿಲ್ಮ್ ಕಚ್ಚಿಸಿ ತೆಗೆಯುವುದು). ಇಲ್ಲಿ ಟ್ಯೂಬ್ ಅಡ್ಡ ಸರಿಯುವುದಿಲ್ಲ, ಮೇಲೇರುತ್ತದೆ. ಓಪಿಜಿಯಲ್ಲಿ ಕಿರಣ ಹೆಚ್ಚುಕಡಿಮೆ ಮಟ್ಟಸ, ಆಕ್ಲೂಸಲ್‌ನಲ್ಲಿ 60–65 ಡಿಗ್ರಿ ಮೇಲಿನಿಂದ. ಅಂದರೆ ಟಂಟಂ ಬಿಟ್ಟು ಮಹಡಿ ಹತ್ತಿದ ಹಾಗೆ. ಎರಡನೇ ಫಿಲ್ಮಿನಲ್ಲಿ ಕೋರೆಯ ತುದಿ ಬೇರಿನ ಗುಂಟ ಮೇಲೇರಿತ್ತು, ಟ್ಯೂಬಿನ ಜೊತೆಗೇ. ಪ್ಯಾಲಟಲ್! ಕೆಳಗಿಳಿದಿದ್ದರೆ ನನ್ನ ಉತ್ತರ ಸರಿಯಾಗುತ್ತಿತ್ತು. ಈಗ ಸಿಬಿಸಿಟಿ (3ಡಿ ಸ್ಕ್ಯಾನ್) ಇದೆ, ಇದೆಲ್ಲ ಯಾಕೆ ಅಂತ ಕೇಳಬೇಡಿ. ವೈವಾದಲ್ಲಿ ಸಿಬಿಸಿಟಿ ಕೊಡುವುದಿಲ್ಲ.

ಇನ್ನು ಕೋರೆಯ ಸುತ್ತಲಿನ ಮುಖದ ಭಾಗ ಸುಲಭ ಅನ್ನಿಸಿತು, ಚುಟುಕಾಗಿ ಹೇಳುತ್ತೇನೆ. ಕೋರೆಯ ಉದ್ದ ಬೇರು ಮೂಳೆಯನ್ನು ಉಬ್ಬಿಸುತ್ತದೆ, ಅದು ಕೆನೈನ್ ಎಮಿನೆನ್ಸ್. ತುಟಿಯ ಮೂಲೆಗೆ ಆಸರೆ ಅದೇ. ಅದರ ಹಿಂದಿನ ತಗ್ಗು ಕೆನೈನ್ ಫೋಸಾ. ಬಾಯಿಯ ಮೂಲೆ ಎತ್ತುವ ಲೆವೇಟರ್ ಆಂಗ್ಯುಲೈ ಓರಿಸ್ ಸ್ನಾಯು ಶುರುವಾಗುವುದು ಅಲ್ಲೇ, ಇನ್ಫ್ರಾಆರ್ಬಿಟಲ್ ರಂಧ್ರದ ಕೆಳಗೆ. ಕೋರೆಯ ಬೇರಿಗೆ ಸೋಂಕಾಗಿ ಕೀವು ಆ ಸ್ನಾಯುವಿನ ಬುಡಕ್ಕಿಂತ ಮೇಲೆ ಮೂಳೆ ಒಡೆದು ಹೊರಬಿದ್ದರೆ ಕೆನೈನ್ ಸ್ಪೇಸ್ ಎಂಬ ಸಂದಿನಲ್ಲಿ ತುಂಬಿ, ಮೂಗಿನ ಪಕ್ಕದ ಗೆರೆ ಮಾಯವಾಗುತ್ತದೆ. ಮೂಗಿನ ಪಕ್ಕದ ರಕ್ತನಾಳ ಆಂಗ್ಯುಲರ್ ವೇನ್ ಹಿಡಿದು ಸೋಂಕು ಮಿದುಳಿನ ಬುಡದಲ್ಲಿರುವ ಕ್ಯಾವರ್ನಸ್ ಸೈನಸ್‌ವರೆಗೂ ಹೋಗಬಹುದು. ಮೇಡಂ ಕೇಳಿದ ಎರಡನೇ ಪ್ರಶ್ನೆ ಇದೇ ಇತ್ತು. ಇದನ್ನು ಸರಿಯಾಗಿ ಹೇಳಿದ್ದಕ್ಕೇ ನಾನು ಪಾಸಾದೆ.