ಗಾರೆ ಗೋಡೆಗೆ ನಾರಿನ ಬಲೆ

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದದ್ದು 2012ರ ಆಗಸ್ಟ್‌ನಲ್ಲಿ. ದೇವರಾಜ ಮಾರುಕಟ್ಟೆಯ ಉತ್ತರ ದ್ವಾರ ಬಿದ್ದದ್ದು 2016ರ ಆಗಸ್ಟ್‌ನಲ್ಲಿ. ಎರಡೂ ಸಲ ಭೂಮಿ ನಡುಗಿರಲಿಲ್ಲ. ನಡುಗಿದರೆ ಗತಿಯೇನು? ಇಂಥ ಹಳೆಯ ಸುಣ್ಣದ ಗಾರೆಯ ಗೋಡೆಗಳನ್ನು ನಾರಿನ ಬಲೆಯಿಂದ ಬಲಪಡಿಸುವ ಬಗೆ ಇಲ್ಲಿದೆ.

ಭೂಕಂಪದ ಅಪಾಯ ತೋರುವ 2002ರ ನಕ್ಷೆಯಲ್ಲಿ ಮೈಸೂರು ಇದ್ದದ್ದು ಎರಡನೇ ವಲಯದಲ್ಲಿ, ಅಪಾಯ ಕಡಿಮೆ ಎನ್ನುವ ಕಡೆ. ಆದರೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಡುಗಿದ ಮಹಾರಾಷ್ಟ್ರದ ಕಿಲ್ಲಾರಿ ಆಗಿನ ನಕ್ಷೆಯ ಒಂದನೇ ವಲಯದಲ್ಲಿತ್ತು. ಅಲ್ಲಿನ ದಪ್ಪ ಕಲ್ಲುಗೋಡೆಗಳ ಒಳಮುಖಕ್ಕೂ ಹೊರಮುಖಕ್ಕೂ ಬೆಸುಗೆ ಇರಲಿಲ್ಲ. ಗೋಡೆಗಳು ಸೀಳಿ, ಮಣ್ಣಿನ ಮಾಳಿಗೆ ಮೈಮೇಲೆ ಬಿತ್ತು. 2002ರಲ್ಲಿ ನಕ್ಷೆಯಿಂದ ಒಂದನೇ ವಲಯವನ್ನೇ ಕೈಬಿಟ್ಟರು.

ಹಳೆಯ ಗೋಡೆ ಬಲಪಡಿಸಲು ಕಬ್ಬಿಣದ ಜಾಲರಿ, ಸಿಮೆಂಟ್ ಪಟ್ಟಿಯ ವಿಧಾನ ಭಾರತೀಯ ಮಾನಕದಲ್ಲಿ ಆಗಲೇ ಇತ್ತು. ಇಟಲಿಯಲ್ಲಿ 1997ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಬಸಿಲಿಕಾದ ಕಮಾನು ಛಾವಣಿ ಭೂಕಂಪಕ್ಕೆ ಕುಸಿದಾಗ, ಅದನ್ನು ಬಲಪಡಿಸಲು ಆರಮಿಡ್ ಎಂಬ ಬಲು ಗಟ್ಟಿಯಾದ ಕೃತಕ ನಾರು ಬಳಸಿದರು. ಕಾರ್ಬನ್ ನಾರಿನ ಹಾಳೆಯನ್ನು ಎಪಾಕ್ಸಿ ಎಂಬ ರಾಸಾಯನಿಕ ಅಂಟಿನಿಂದ ಗೋಡೆಗೆ ಅಂಟಿಸುವುದೂ ಅದೇ ದಶಕದಲ್ಲಿ ಬೆಳೆಯಿತು.

ಗಾರೆಯ ಗೋಡೆಗೆ ಎಪಾಕ್ಸಿ ಒಗ್ಗುವುದಿಲ್ಲ. ಗೋಡೆ ಹೀರಿದ ತೇವ ಹೊರಬರಲಾಗದೆ ಹಾಳೆಯ ಹಿಂದೆ ಉಪ್ಪು ಕಟ್ಟುತ್ತದೆ. ಕಾರ್ಬನ್ ಇಟ್ಟಿಗೆಗಿಂತ ನೂರು ಪಟ್ಟಿಗೂ ಹೆಚ್ಚು ಬಿಗಿ. ಎಳೆತ ಬಂದಾಗ ಹಾಳೆ ಹರಿಯುವುದಿಲ್ಲ, ಇಟ್ಟಿಗೆಯ ಸಿಪ್ಪೆಯನ್ನೇ ಕಿತ್ತುಕೊಂಡು ಬರುತ್ತದೆ. ಹೀಗಾಗಿ 2000ದ ನಂತರ ಅಂಟಿನ ಬದಲು ಗಾರೆಯೊಳಗೇ ಬಲೆ ಹುದುಗಿಸುವ ಕ್ರಮ ಬೆಳೆಯಿತು. ಮೈಸೂರಿಗೆ ಹೊಂದುವುದು ಇದೇ.

ಮೊದಲು ಮದರಾಸ್ ತಾರಸಿಯ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಸಿದ ಮಾಳಿಗೆಯ, ಸೋರಿಕೆ ನಿಲ್ಲಬೇಕು. ಹಿಂದಿನ ರಿಪೇರಿಯ ಸಿಮೆಂಟ್ ಗಿಲಾವು, ಎಣ್ಣೆ ಬಣ್ಣ ಪೂರ್ತಿ ಕೆತ್ತಿ ತೆಗೆದು, ಸಂದುಗಳನ್ನು 15–20 ಮಿ.ಮೀ. ಕೆದಕಬೇಕು. ಪೊಳ್ಳಿದ್ದರೆ ಕೆಳಗಿನಿಂದ ಮೇಲಕ್ಕೆ ತೆಳು ಸುಣ್ಣದ ಗಾರೆ ತುಂಬಿಸಬೇಕು. ಒತ್ತಡ ಹೆಚ್ಚಿದರೆ ಗೋಡೆ ಉಬ್ಬುತ್ತದೆ. ಆಮೇಲೆ ಗೋಡೆ ನೆನೆಸಿ, ಮೇಲ್ಮೈಯ ನೀರು ಆರಿದ ಮೇಲೆ 5 ಮಿ.ಮೀ. ಗಾರೆ, ಅದು ಹಸಿಯಿರುವಾಗಲೇ ಸುಮಾರು 25 ಮಿ.ಮೀ. ಕಣ್ಣಿನ ಬಸಾಲ್ಟ್ ಕಲ್ಲಿನ ನಾರಿನ ಬಲೆ ಅಥವಾ ಕ್ಷಾರಕ್ಕೆ ಜಗ್ಗದ ಗಾಜಿನ ನಾರಿನ ಬಲೆ, ಮತ್ತೆ 5 ಮಿ.ಮೀ. ಗಾರೆ. ಗಾರೆಗೆ ನೀರಿನಲ್ಲೂ ಗಟ್ಟಿಯಾಗುವ ಸುಣ್ಣವೇ ಬೇಕು. ಬಲೆಯ ತುದಿಗಳು 300 ಮಿ.ಮೀ. ಒಂದರ ಮೇಲೊಂದು ಬರಲಿ. ಮೂಲೆಯನ್ನು ದುಂಡಗೆ ಮಾಡದಿದ್ದರೆ ನಾರು ಅಲ್ಲೇ ತುಂಡಾಗುತ್ತದೆ. ಎರಡೂ ಮುಖದ ಬಲೆಗಳನ್ನು ಗೋಡೆಯ ಆರಪಾರ ಹೋಗುವ ನಾರಿನ ಕೊಂಡಿಗಳಿಂದ ಕಟ್ಟಬೇಕು, ಚದರ ಮೀಟರಿಗೆ ನಾಲ್ಕರಂತೆ. ಕಿಲ್ಲಾರಿಯಲ್ಲಿ ಇಲ್ಲದೇ ಹೋದದ್ದು ಈ ಬೆಸುಗೆಯೇ.

ಹೆಚ್ಚಿನವರು ಮರೆಯುವುದು ತೊಲೆಗಳನ್ನು. ಗೋಡೆಯೊಳಗೆ ಹುದುಗಿದ ತೇಗದ ತುದಿ ಕೊಳೆತಿದ್ದರೆ ಬದಲಿಸಿ, ಪ್ರತಿ ತೊಲೆಗೂ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ಬಿಗಿದು ಹೊರಮುಖದಲ್ಲಿ ಫಲಕ ಕೂರಿಸಬೇಕು. ಇಲ್ಲದಿದ್ದರೆ ಬಲೆ ಹೊದ್ದ ಗೋಡೆ ಇಡಿಯಾಗಿ ಹೊರಕ್ಕೆ ಮಗುಚುತ್ತದೆ.

ಹೊಸ ಗಾರೆಯನ್ನು ಎರಡು ವಾರ ಒದ್ದೆ ಗೋಣಿಯಡಿ ಇಡಿ. 28 ದಿನದ ನಂತರ ಮರದ ಸುತ್ತಿಗೆಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದಷ್ಟು ಜಾಗ ಕತ್ತರಿಸಿ, ಹೊಸ ಬಲೆ ಹಾಕಿ ಮತ್ತೆ ಮಾಡಿ.