ಹಳೆಯ ಗಿಟಾರ್ ಪೆಡಲ್‌ಗೆ ಅಡಾಪ್ಟರ್ ಆರಿಸುವುದು: ಒಂದು ಅಧ್ಯಯನ ಟಿಪ್ಪಣಿ

ಮಂಗಳೂರಿನ ಹಂಪನಕಟ್ಟೆಯ ಯಾವುದೇ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಗಿಟಾರ್ ಪೆಡಲ್‌ಗೆ (ಗಿಟಾರಿನ ಸದ್ದನ್ನು ಬದಲಿಸುವ, ಕಾಲಿನಿಂದ ಒತ್ತುವ ಪೆಟ್ಟಿಗೆಗೆ) ಒಂದು ಎಲಿಮಿನೇಟರ್, ಅಂದರೆ ಬ್ಯಾಟರಿಯ ಬದಲಿಗೆ ಬಳಸುವ ಅಡಾಪ್ಟರ್, ಬೇಕೆಂದರೆ ಅಂಗಡಿಯವರು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ವೋಲ್ಟ್?" ನಾವು "ಒಂಬತ್ತು" ಎಂದ ಕೂಡಲೇ ಒಂದು ಕಪ್ಪು ಪೆಟ್ಟಿಗೆ ಮೇಜಿನ ಮೇಲೆ ಬರುತ್ತದೆ. ಉತ್ತರ ತಪ್ಪಲ್ಲ, ಆದರೆ ಸಾಲದು. ಅದರಿಂದ ಹೊರಬರುವುದು ಡಿಸಿಯೇ ಎಸಿಯೇ, ಪಿನ್ನಿನ ನಡುಭಾಗ ಪ್ಲಸ್ಸೇ ಮೈನಸ್ಸೇ, ವೋಲ್ಟೇಜ್ ನಿಯಂತ್ರಿತವೇ ಅಲ್ಲವೇ, ಎಷ್ಟು ಮಿಲಿಆಂಪಿಯರ್ ಕೊಡಬಲ್ಲದು ಎಂಬ ನಾಲ್ಕು ಸಂಗತಿಗಳು ಆ ಒಂಬತ್ತರ ಹಿಂದೆ ಅಡಗಿರುತ್ತವೆ. ಹೊಸ ಪೆಡಲ್‌ಗಳಲ್ಲಿ ಇವುಗಳಿಗೆ ಬಹುಮಟ್ಟಿಗೆ ಒಂದೇ ಉತ್ತರವಿರುವುದರಿಂದ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 1970 ಮತ್ತು 80ರ ದಶಕಗಳ ಪೆಡಲ್‌ಗಳ ವಿಷಯ ಹಾಗಲ್ಲ. ನಮ್ಮ ಕರಾವಳಿಯಲ್ಲಿ ಇಂತಹ ಪೆಡಲ್‌ಗಳು ಹೆಚ್ಚಾಗಿ ಸಿಗುವುದು ಕೊಲ್ಲಿ ರಾಷ್ಟ್ರಗಳಿಂದ ಮರಳಿದ ಮಾವಂದಿರ ಪೆಟ್ಟಿಗೆಗಳಲ್ಲಿ ಅಥವಾ ಕ್ರೈಸ್ತರ ಮದುವೆಯ ಮುನ್ನ ನಡೆಯುವ ರೋಸ್ ಸಮಾರಂಭಗಳಿಗೆ ನುಡಿಸುತ್ತಿದ್ದ ಹಳೆಯ ಬ್ಯಾಂಡ್‌ಗಳ ಅಟ್ಟದಲ್ಲಿ. ಪೆಡಲ್ ಸಿಗುತ್ತದೆ; ಅದರ ಜೊತೆಗೆ ಬಂದಿದ್ದ ಮೂಲ ಅಡಾಪ್ಟರ್ ಮಾತ್ರ ಯಾವಾಗಲೋ ಕಳೆದುಹೋಗಿರುತ್ತದೆ.

ಮೊದಲು ಧ್ರುವದ ವಿಷಯ, ಅಂದರೆ ಪಿನ್ನಿನಲ್ಲಿ ಪ್ಲಸ್ ಎಲ್ಲಿ ಮೈನಸ್ ಎಲ್ಲಿ ಎಂಬುದು, ಏಕೆಂದರೆ ಅತಿ ಹೆಚ್ಚು ಪೆಡಲ್‌ಗಳು ಸಾಯುವುದು ಇಲ್ಲಿಯೇ. ಮನೆಯ ರೌಟರ್, ಸೆಟ್‌ಟಾಪ್ ಬಾಕ್ಸ್ ಮೊದಲಾದವುಗಳ ಅಡಾಪ್ಟರ್ ಪಿನ್ನಿನಲ್ಲಿ ನಡುಭಾಗ ಪ್ಲಸ್, ಹೊರಗಿನ ಲೋಹದ ಕೊಳವೆ ಮೈನಸ್. ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವು. ಇದು ತಯಾರಕರ ಹಟವಲ್ಲ, ಬ್ಯಾಟರಿಯ ಕಾಲದಿಂದ ಉಳಿದುಬಂದ ವ್ಯವಸ್ಥೆ. ಪೆಡಲ್‌ನ ಡಿಸಿ ಸಾಕೆಟ್‌ನಲ್ಲಿ ಹೊರ ಕೊಳವೆಯನ್ನು ಮುಟ್ಟುವ ಎಲೆಯೊಂದು ಸ್ವಿಚ್ಚಿನಂತೆ ಕೆಲಸ ಮಾಡುತ್ತದೆ. ಪಿನ್ ಚುಚ್ಚಿದಾಗ ಆ ಎಲೆ ಸರಿದು ಬ್ಯಾಟರಿಯ ಪ್ಲಸ್ ತಂತಿಯನ್ನು ಕಡಿದುಹಾಕುತ್ತದೆ. ಬ್ಯಾಟರಿಯ ಪ್ಲಸ್ಸನ್ನು ಕಡಿಯಬೇಕಾದರೆ ಪ್ಲಸ್ ಹೊರಭಾಗದಲ್ಲೇ ಇರಬೇಕಲ್ಲವೇ? ಹಾಗಾಗಿ ನಡುಭಾಗ ಮೈನಸ್ ಆಯಿತು. ಆದರೂ ಇದನ್ನು ನಿಯಮವೆಂದು ನಂಬಿ ಕೂರುವಂತಿಲ್ಲ. ಹಳೆಯ ರ‍್ಯಾಟ್ ಮತ್ತು ಬಿಗ್ ಮಫ್ ಪೆಡಲ್‌ಗಳಲ್ಲಿ ಹೆಡ್‌ಫೋನ್ ಪಿನ್ನಿನಂತಹ 3.5 ಮಿಲಿಮೀಟರ್ ಸಾಕೆಟ್ ಇರುತ್ತದೆ, ಅಲ್ಲಿ ತುದಿ ಪ್ಲಸ್. ಈ ಪಿನ್ನಿನ ಇನ್ನೊಂದು ಕಷ್ಟವೆಂದರೆ ಚುಚ್ಚುವಾಗ ತುದಿ ಸಾಕೆಟ್ಟಿನ ಲೋಹಕ್ಕೆ ತಾಗಿ ಕ್ಷಣಕಾಲ ಶಾರ್ಟ್ ಆಗಬಹುದು. ಆದ್ದರಿಂದ ಮೊದಲು ಪಿನ್, ಆಮೇಲೆ ಗೋಡೆಯ ಸ್ವಿಚ್.

ಧ್ರುವ ತಪ್ಪಿದರೆ ಏನಾಗುತ್ತದೆ? ಅನೇಕ ಪೆಡಲ್‌ಗಳಲ್ಲಿ ಒಳಬರುವ ತಂತಿಗಳ ನಡುವೆ 1ಎನ್4001ರಂತಹ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಅಡ್ಡಲಾಗಿ ಕೂತಿರುತ್ತದೆ. ಧ್ರುವ ಸರಿಯಿದ್ದಾಗ ಅದು ಸುಮ್ಮನಿರುತ್ತದೆ, ತಪ್ಪಿದಾಗ ತಾನೇ ದಾರಿ ಕೊಟ್ಟು ಅಡಾಪ್ಟರನ್ನು ಶಾರ್ಟ್ ಮಾಡುತ್ತದೆ. ಬಡಪಾಯಿ 300 ಮಿಲಿಆಂಪಿಯರ್ ಎಲಿಮಿನೇಟರ್ ಆಗಿದ್ದರೆ ವೋಲ್ಟೇಜ್ ಕುಸಿದು ಎಲ್ಲರೂ ಬಚಾವ್. 2 ಆಂಪಿಯರ್‌ನ ಅಡಾಪ್ಟರ್ ಆಗಿದ್ದರೆ ಡಯೋಡೇ ಸುಟ್ಟುಹೋಗುತ್ತದೆ. ಸುಟ್ಟ ಡಯೋಡ್ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಉಳಿಯುವುದರಿಂದ ಪೆಡಲ್ ಸತ್ತಂತೆ ಕಾಣುತ್ತದೆ, ಆದರೆ ಕೆಲವೇ ರೂಪಾಯಿಯ ಡಯೋಡ್ ಬದಲಿಸಿದರೆ ಜೀವ ಬರುತ್ತದೆ. ಆ ಡಯೋಡೇ ಇಲ್ಲದ ಪೆಡಲ್‌ಗೆ ಈ ಅದೃಷ್ಟವಿಲ್ಲ.

ಈಗ ಕಲಿಯುವವರನ್ನು ಹೆಚ್ಚು ಗೊಂದಲಕ್ಕೆ ಕೆಡಹುವ ವಿಷಯ: ನಿಯಂತ್ರಿತ ಮತ್ತು ಅನಿಯಂತ್ರಿತ ವೋಲ್ಟೇಜ್. ಹೊರೆ ಹೆಚ್ಚಿರಲಿ ಕಡಿಮೆಯಿರಲಿ ಒಂದೇ ಮಟ್ಟದಲ್ಲಿ ನಿಲ್ಲುವುದು ನಿಯಂತ್ರಿತ, ಹೊರೆಯೊಡನೆ ಏರಿಳಿಯುವುದು ಅನಿಯಂತ್ರಿತ. ಕಬ್ಬಿಣದ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್ ಮತ್ತು ಒಂದು ಕೆಪಾಸಿಟರ್ ಮಾತ್ರವಿರುವ ಹಳೆಯ ಮಾದರಿಯ ಎಲಿಮಿನೇಟರ್ ಮೇಲೆ 9 ವೋಲ್ಟ್ ಎಂದು ಬರೆದಿದ್ದರೂ ಏನನ್ನೂ ಜೋಡಿಸದೆ ಮಲ್ಟಿಮೀಟರ್ ಇಟ್ಟರೆ 12ರಿಂದ 14 ವೋಲ್ಟ್ ತೋರಿಸುತ್ತದೆ. ಅದು ಮೋಸವಲ್ಲ, ಬರೆದಿರುವಷ್ಟು ಕರೆಂಟ್ ಎಳೆದಾಗ ಮಾತ್ರ ಅದು 9ಕ್ಕೆ ಇಳಿಯುತ್ತದೆ. ಸದ್ದನ್ನು ಒರಟಾಗಿಸುವ ಒಂದು ಓವರ್‌ಡ್ರೈವ್ ಪೆಡಲ್ ಎಳೆಯುವುದು 10 ಮಿಲಿಆಂಪಿಯರ್‌ಗೂ ಕಡಿಮೆ. ಆದ್ದರಿಂದ 500 ಮಿಲಿಆಂಪಿಯರ್ ಎಲಿಮಿನೇಟರಿಗೆ ಒಂದೇ ಪೆಡಲ್ ಜೋಡಿಸಿದರೆ ಅದಕ್ಕೆ ಸಿಗುವುದು 12 ವೋಲ್ಟ್‌ಗೂ ಹೆಚ್ಚು. ಹೆಚ್ಚು ಆಂಪಿಯರ್‌ನ ಅಡಾಪ್ಟರ್ ಪೆಡಲನ್ನು ಸುಡುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಪೆಡಲ್ ತನಗೆ ಬೇಕಾದಷ್ಟನ್ನೇ ಎಳೆಯುವುದರಿಂದ ನಿಯಂತ್ರಿತ ಅಡಾಪ್ಟರ್ ಮಟ್ಟಿಗೆ ಆ ಮಾತು ತಪ್ಪು; ಅನಿಯಂತ್ರಿತದ ಮಟ್ಟಿಗೆ ಅದರಲ್ಲಿ ಅರ್ಧ ಸತ್ಯವಿದೆ, ಕಾರಣ ಮಾತ್ರ ಆಂಪಿಯರ್ ಅಲ್ಲ, ಹೊರೆ ಕಡಿಮೆಯಾದಾಗ ಏರುವ ವೋಲ್ಟೇಜ್.

ಬಾಸ್ ಕಂಪನಿಯ ಹಳೆಯ ಪೆಡಲ್‌ಗಳ ಕಥೆ ಇಲ್ಲಿಂದಲೇ ಹುಟ್ಟುತ್ತದೆ. 1977ರಲ್ಲಿ ಆ ಕಂಪನಿಯ ಚಿಕ್ಕ ಪೆಡಲ್‌ಗಳು ಮೊದಲು ಬಂದವು; ಡಿಎಸ್-1 1978ರದು, ಸಿಇ-2 ಕೋರಸ್ 1979ರದು. ಅವುಗಳ ಸಾಕೆಟ್ ಪಕ್ಕದಲ್ಲಿ 'ಎಸಿಎ' ಅಡಾಪ್ಟರನ್ನೇ ಬಳಸಬೇಕೆಂದು ಬರೆದಿರುತ್ತದೆ. ಎಸಿಎ ಎಂದರೆ ಅನಿಯಂತ್ರಿತ ಅಡಾಪ್ಟರ್. ಅದರಿಂದ ಬರುವ 12 ವೋಲ್ಟ್‌ಗೂ ಮೇಲ್ಪಟ್ಟ ಒತ್ತಡವನ್ನು ತಗ್ಗಿಸಲೆಂದು ಪೆಡಲ್‌ನ ಒಳಗೆ ಮೈನಸ್ ದಾರಿಯಲ್ಲಿ ಒಂದು ರೆಸಿಸ್ಟರ್ ಮತ್ತು ಒಂದು ಡಯೋಡ್ ಇಟ್ಟಿದ್ದರು. ಮುಂದೆ ಬಂದ 'ಪಿಎಸ್‌ಎ' ನಿಯಂತ್ರಿತ 9 ವೋಲ್ಟ್ ಅಡಾಪ್ಟರ್, ಅದಕ್ಕಾಗಿ ಮಾಡಿದ ಪೆಡಲ್‌ಗಳಲ್ಲಿ ಈ ರೆಸಿಸ್ಟರ್ ಇಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ರೆಸಿಸ್ಟರ್ 470 ಓಮ್, ಪೆಡಲ್ ಎಳೆಯುವುದು 6 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ ರೆಸಿಸ್ಟರ್‌ನಲ್ಲಿ 2.8 ವೋಲ್ಟ್, ಡಯೋಡ್‌ನಲ್ಲಿ 0.6 ವೋಲ್ಟ್, ಒಟ್ಟು 3.4 ವೋಲ್ಟ್ ಕಳೆಯುತ್ತದೆ. 12.5 ಬಂದರೆ ಒಳಗೆ ಉಳಿಯುವುದು 9.1, ನಿಯಂತ್ರಿತ 9 ಬಂದರೆ ಉಳಿಯುವುದು 5.6. ಎಲ್‌ಇಡಿ ಮಂಕಾಗುತ್ತದೆ, ಸದ್ದು ಸೊರಗುತ್ತದೆ. ಇದನ್ನು ಕಂಡು ಪೆಡಲ್ ಕೆಟ್ಟಿದೆಯೆಂದು ಅಗ್ಗಕ್ಕೆ ಮಾರಿದವರಿದ್ದಾರೆ.

ಇದರಲ್ಲೊಂದು ವಿಚಿತ್ರವಿದೆ. ಅದೇ ಎಸಿಎ ಪೆಡಲನ್ನು ಅದೇ ನಿಯಂತ್ರಿತ 9 ವೋಲ್ಟ್ ಅಡಾಪ್ಟರಿನಿಂದ ಇನ್ನೊಂದು ಹೊಸ ಪೆಡಲ್‌ನ ಜೊತೆಗೆ ಕವಲು ತಂತಿಯಲ್ಲಿ ಜೋಡಿಸಿ, ಎರಡರ ನಡುವೆ ಸಿಗ್ನಲ್ ಕೇಬಲ್ ಹಾಕಿದ ಕೂಡಲೇ ಎಲ್‌ಇಡಿ ಪ್ರಕಾಶವಾಗಿ ಬೆಳಗುತ್ತದೆ. ಕೇಬಲ್ಲಿನ ಹೊರ ಹೆಣಿಗೆ ಎರಡೂ ಪೆಡಲ್‌ಗಳ ಗ್ರೌಂಡನ್ನು (ಸರ್ಕ್ಯೂಟಿನ ಎಲ್ಲ ಭಾಗಗಳೂ ಸೇರುವ ಸಾಮಾನ್ಯ ತಂತಿಯನ್ನು) ಒಂದಾಗಿಸುವುದರಿಂದ ಮೈನಸ್ ಕರೆಂಟಿಗೆ ರೆಸಿಸ್ಟರನ್ನು ಬಳಸದ ಒಳದಾರಿ ಸಿಗುತ್ತದೆ. ಇದನ್ನು ಕಾಗದದಲ್ಲಿ ಓದಿ ಅರ್ಥ ಮಾಡಿಕೊಳ್ಳುವುದಕ್ಕಿಂತ, ಪೆಡಲ್‌ನ ಹಿಂಬದಿ ತೆಗೆದು, ಕಪ್ಪು ಮೊನೆಯನ್ನು ಜ್ಯಾಕಿನ ಗ್ರೌಂಡಿಗೂ ಕೆಂಪು ಮೊನೆಯನ್ನು ಬೋರ್ಡಿನ ಪ್ಲಸ್ಸಿಗೂ ಇಟ್ಟು, ಕೇಬಲ್ ಚುಚ್ಚುತ್ತ ತೆಗೆಯುತ್ತ ಅಂಕಿ ಏರಿಳಿಯುವುದನ್ನು ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ. ಆದರೆ ಇದರಿಂದಲೇ ಇನ್ನೊಂದು ಎಚ್ಚರವೂ ಹುಟ್ಟುತ್ತದೆ: ಅನಿಯಂತ್ರಿತ 12 ವೋಲ್ಟ್ ಬರುತ್ತಿರುವಾಗ ಇದೇ ಒಳದಾರಿ ತೆರೆದರೆ ಪೂರ್ತಿ 12 ವೋಲ್ಟೂ ಒಳಗೆ ಬೀಳುತ್ತದೆ.

ಹಾಗೆ ಬಿದ್ದರೆ ಹಾನಿಯೇ? ಪೆಡಲನ್ನು ಅವಲಂಬಿಸಿದೆ. ಸಿಗ್ನಲ್ಲನ್ನು ಹಿಗ್ಗಿಸುವ ಆಪ್‌ಆ್ಯಂಪ್ ಚಿಪ್‌ಗಳು 12 ವೋಲ್ಟನ್ನು ನಿರಾತಂಕವಾಗಿ ತಡೆದುಕೊಳ್ಳುತ್ತವೆ. 10 ವೋಲ್ಟ್ ಮಿತಿಯ ಹಳೆಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ತಡೆಯುವುದಿಲ್ಲ. ವೋಲ್ಟೇಜನ್ನು ಇಮ್ಮಡಿಗೊಳಿಸುವ ಮ್ಯಾಕ್ಸ್1044ರಂತಹ ಚಿಪ್ ಇದ್ದರಂತೂ ಸುಮಾರು 10 ವೋಲ್ಟ್ ದಾಟಿದರೆ ಕೆಲಸ ಮುಗಿಯಿತು. ನಾನು ಇದನ್ನು ಕಲಿತದ್ದು ಸ್ವಂತ ಖರ್ಚಿನಲ್ಲಿ. 3ರಿಂದ 12 ವೋಲ್ಟ್‌ವರೆಗೆ ಜಾರುವ ಸ್ವಿಚ್ ಇರುವ ಎಲಿಮಿನೇಟರನ್ನು ಗಿಟಾರ್ ಚೀಲದಲ್ಲಿ ತುರುಕಿಕೊಂಡು ಉಡುಪಿಗೆ ಬಸ್ಸಿನಲ್ಲಿ ಹೋಗಿದ್ದೆ. ದಾರಿಯಲ್ಲಿ ಯಾವುದೋ ತಿಕ್ಕಾಟಕ್ಕೆ ಸ್ವಿಚ್ 9ರಿಂದ 12ಕ್ಕೆ ಸರಿದಿತ್ತು. ನೋಡದೆ ಚುಚ್ಚಿದ ತಪ್ಪು ನನ್ನದೇ. ಈಗ ಅಂತಹ ಎಲಿಮಿನೇಟರಿನ ವೋಲ್ಟೇಜ್ ಸ್ವಿಚ್ ಮತ್ತು ಧ್ರುವದ ಸ್ವಿಚ್ ಎರಡರ ಮೇಲೂ ಇನ್ಸುಲೇಷನ್ ಟೇಪ್ ಸುತ್ತಿದ್ದೇನೆ.

ಎಸಿ ಮತ್ತು ಡಿಸಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. 1989ರ ಡಿಜಿಟೆಕ್ ವ್ಯಾಮಿ, ಲೈನ್ 6ನ ಹಳೆಯ ಹಸಿರು ಡಿಎಲ್4 ಮೊದಲಾದವು 9 ವೋಲ್ಟ್ ಎಸಿಯನ್ನೇ ಬೇಡುತ್ತವೆ. ಅವುಗಳ ಅಡಾಪ್ಟರನ್ನು ಕೈತಪ್ಪಿ ಬೇರೆ ಪೆಡಲ್‌ಗೆ ಚುಚ್ಚದಂತೆ ಬಣ್ಣದ ಗುರುತು ಹಾಕಿಡಬೇಕು. ವಿದೇಶದ ಮೂಲ ಅಡಾಪ್ಟರ್ ಸಿಕ್ಕರೂ ಅದರ ಒಳಬರುವ ವೋಲ್ಟೇಜನ್ನು ಓದದೆ ನಮ್ಮ ಗೋಡೆಗೆ ಹಾಕಬಾರದು. ನಮ್ಮಲ್ಲಿರುವುದು 230 ವೋಲ್ಟ್, 50 ಹರ್ಟ್ಸ್. ಜಪಾನಿನದು 100 ವೋಲ್ಟ್, ಅಮೆರಿಕದ್ದು 120, ಸೌದಿಯ ಮನೆಗಳಲ್ಲಿ ಬಹುಕಾಲ ಇದ್ದದ್ದು 127. ಸೌದಿಯ ದಮಾಮಿನಿಂದ ಬಂದ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಇಲ್ಲಿ ಕೆಲವೇ ನಿಮಿಷಗಳಲ್ಲಿ ಕಮಟು ವಾಸನೆ ಬಿಟ್ಟು ಮುಗಿದುಹೋಗುತ್ತದೆ. ಹಳೆಯ ದೊಡ್ಡ ಡಿಲಕ್ಸ್ ಮೆಮೊರಿ ಮ್ಯಾನ್ ಡಿಲೇ ಪೆಡಲ್‌ನಂತೆ ಗೋಡೆಯ ವೈರ್ ನೇರವಾಗಿ ಪೆಡಲ್‌ನ ಒಳಗೇ ಹೋಗುವ ಜಾತಿಯನ್ನು ತಿಳಿದವರ ಕೈಗೇ ಕೊಡಬೇಕು.

ಇನ್ನೊಂದು ಪ್ರತ್ಯೇಕ ಜಾತಿಯೆಂದರೆ 1966ರಲ್ಲಿ ಬಂದ ಫಜ್ ಫೇಸ್‌ನಂತಹ, ಜರ್ಮೇನಿಯಂ ಪಿಎನ್‌ಪಿ ಟ್ರಾನ್ಸಿಸ್ಟರ್‌ಗಳ ಪೆಡಲ್‌ಗಳು. ಇವುಗಳಲ್ಲಿ ಗ್ರೌಂಡಿಗೆ ಸೇರುವುದು ಪ್ಲಸ್. ಬೇರೆ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರನ್ನು ಹಂಚಿಕೊಂಡರೆ ಸಿಗ್ನಲ್ ಕೇಬಲ್ಲಿನ ಗ್ರೌಂಡಿನ ಮೂಲಕ ಪ್ಲಸ್ಸೂ ಮೈನಸ್ಸೂ ನೇರವಾಗಿ ಸೇರಿ ಶಾರ್ಟ್ ಆಗುತ್ತದೆ. ಇಂತಹ ಪೆಡಲ್ ಎಳೆಯುವುದು ಒಂದೆರಡು ಮಿಲಿಆಂಪಿಯರ್ ಮಾತ್ರವಾದ್ದರಿಂದ ಅದಕ್ಕೆ ಅಡಾಪ್ಟರ್ ಹುಡುಕುವ ಶ್ರಮವೇ ವ್ಯರ್ಥ ಎಂಬುದು ನನ್ನ ಅಭಿಪ್ರಾಯ. ಸಾಮಾನ್ಯ 9 ವೋಲ್ಟ್ ಬ್ಯಾಟರಿಯೇ ತಿಂಗಳುಗಟ್ಟಲೆ ಬರುತ್ತದೆ, ಆದರೆ ನುಡಿಸಿದ ಮೇಲೆ ಬ್ಯಾಟರಿ ಖಾಲಿಯಾಗದಂತೆ ಇನ್‌ಪುಟ್ ಜ್ಯಾಕಿನಿಂದ ಕೇಬಲ್ಲನ್ನು ಕಿತ್ತಿಡಬೇಕು.

ಹಾಗಾದರೆ ಅಗ್ಗವಾಗಿ, ಅಪಾಯವಿಲ್ಲದೆ ಮಾಡುವುದು ಹೇಗೆ? ನಾನು ಕಂಡುಕೊಂಡ ದಾರಿ ಇದು. ಮನೆಯಲ್ಲಿ ಬಿದ್ದಿರುವ ಹಳೆಯ ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಡಿಸಿ, 1 ಆಂಪಿಯರ್ ಅಡಾಪ್ಟರನ್ನು ತೆಗೆದುಕೊಂಡು ಅದರ ಮುಂದೆ 7809 ಎಂಬ ಮೂರು ಕಾಲಿನ ರೆಗ್ಯುಲೇಟರ್ ಚಿಪ್ಪನ್ನೂ ಎರಡು ಕೆಪಾಸಿಟರ್‌ಗಳನ್ನೂ ಒಂದು ಚಿಕ್ಕ ಬೋರ್ಡಿನಲ್ಲಿ ಬೆಸುಗೆ ಹಾಕುವುದು. ಈ ಚಿಪ್ಪಿಗೆ ಕೆಲಸ ಮಾಡಲು ಸುಮಾರು 2 ವೋಲ್ಟ್ ಹೆಚ್ಚುವರಿ ಬೇಕು, ನಮ್ಮಲ್ಲಿ 3 ಇದೆ. 200 ಮಿಲಿಆಂಪಿಯರ್ ಎಳೆದರೂ ಅದರಲ್ಲಿ ಶಾಖವಾಗಿ ಹೋಗುವುದು 0.6 ವಾಟ್, ಬೆರಳಿಗೆ ಬಿಸಿ ತಾಗುವಷ್ಟು. ಒಂದು ಚಿಕ್ಕ ಅಲ್ಯುಮಿನಿಯಂ ತುಂಡನ್ನು ಹಿಂಬದಿಗೆ ಸ್ಕ್ರೂ ಮಾಡಿದರೆ ಸಾಕು. ಹೊರಹೋಗುವ ಪಿನ್ನಿನಲ್ಲಿ ನಡುಭಾಗಕ್ಕೆ ಮೈನಸ್ ಬೆಸೆಯಬೇಕು. ಇದರ ದೊಡ್ಡ ಗುಣವೆಂದರೆ 230 ವೋಲ್ಟ್ ಇರುವ ಭಾಗವನ್ನು ನಾವು ಮುಟ್ಟುವುದೇ ಇಲ್ಲ.

ಇಂತಹ ಸ್ವಿಚಿಂಗ್ ಅಡಾಪ್ಟರ್‌ಗಳಿಂದ ಕೆಲವೊಮ್ಮೆ ಕೀರಲು ಸದ್ದು ನುಸುಳುತ್ತದೆ. 7809 ಕೆಳ ಸ್ವರದ ಗುಂಯ್‌ಗುಡುವಿಕೆಯನ್ನು ಚೆನ್ನಾಗಿ ಅಡಗಿಸುತ್ತದೆ, ಆದರೆ ಸಾವಿರಾರು ಹರ್ಟ್ಸ್‌ನ ಗದ್ದಲದ ಮುಂದೆ ಅಷ್ಟು ಶಕ್ತವಲ್ಲ. ಹಳೆಯ ಅನಲಾಗ್ ಡಿಲೇ ಮತ್ತು ಕೋರಸ್‌ಗಳಿಗೆ ತಮ್ಮದೇ ಒಂದು ಕ್ಲಾಕ್ (ಒಳಗೆ ಸತತವಾಗಿ ಮಿಡಿಯುವ ವೇಗದ ಸಿಗ್ನಲ್) ಇರುವುದರಿಂದ ಎರಡೂ ಗದ್ದಲಗಳು ಬೆರೆತು ಶಿಳ್ಳೆ ಕೇಳಿಸಬಹುದು. ಆಗ ಟ್ರಾನ್ಸ್‌ಫಾರ್ಮರ್ ದಾರಿಯೇ ಮೇಲು. ಟ್ರಾನ್ಸ್‌ಫಾರ್ಮರಿನ ಎರಡನೆಯ ಸುರುಳಿ 9 ವೋಲ್ಟ್ ಎಸಿ ಇರಲಿ ಎಂದು ತೋಚುವುದು ಸಹಜ, ಆದರೆ ಅದು ಸಾಲದು. 9ನ್ನು 1.414ರಿಂದ ಗುಣಿಸಿ ಎರಡು ಡಯೋಡ್‌ಗಳ 1.4 ವೋಲ್ಟ್ ಕಳೆದರೆ 11.3 ಮಾತ್ರ ಸಿಗುತ್ತದೆ, 7809ಕ್ಕೆ 11 ಬೇಕೇ ಬೇಕು. ಸಂಜೆ ಗೋಡೆಯ ಲೈನ್ 230ರಿಂದ 200 ವೋಲ್ಟಿಗೆ ಇಳಿದರೆ ಗುಂಯ್ ಎನ್ನತೊಡಗುತ್ತದೆ. 12 ವೋಲ್ಟ್ ಸುರುಳಿಯಾದರೆ ಲೈನ್ 200ಕ್ಕೆ ಇಳಿದಾಗಲೂ 13 ವೋಲ್ಟಿಗಿಂತ ಮೇಲೆ ಉಳಿಯುತ್ತದೆ. ಕೆಪಾಸಿಟರ್ ಸಣ್ಣದಾದರೂ ಇದೇ ತೊಂದರೆ: 100 ಮಿಲಿಆಂಪಿಯರ್ ಎಳೆಯುವಾಗ 1000 ಮೈಕ್ರೊಫ್ಯಾರಡ್ ಇದ್ದರೆ ಸುಮಾರು 1 ವೋಲ್ಟಿನ ಏರಿಳಿತ ಉಳಿಯುತ್ತದೆ, ಅದೂ ಸೆಕೆಂಡಿಗೆ 100 ಸಲ. ಆರನೆಯ ತಂತಿಯ ಮೂರನೆಯ ಫ್ರೆಟ್ಟಿನ ಜಿ ಸ್ವರ 98 ಹರ್ಟ್ಸ್. ಆ ಸ್ವರವನ್ನು ಹಿಡಿದಾಗ ಹಿನ್ನೆಲೆಯ ಸದ್ದು ಅದರ ಜೊತೆ ತೂಗಾಡುವಂತೆ ಕೇಳಿಸಿದರೆ ದೋಷ ಗಿಟಾರಿನಲ್ಲಿಲ್ಲ, ಅಡಾಪ್ಟರಿನಲ್ಲಿದೆ. ಟ್ರಾನ್ಸ್‌ಫಾರ್ಮರಿನ ಗೋಡೆಯ ಕಡೆಯ ಜೋಡಣೆ, ಫ್ಯೂಸ್ ಮತ್ತು ಅರ್ತ್ ಇವನ್ನು ಅನುಭವಿ ರಿಪೇರಿಯವರಿಂದಲೇ ಮಾಡಿಸುವುದು ಒಳ್ಳೆಯದು.

ಹೊಸದನ್ನು ಕೊಳ್ಳುವುದಾದರೆ ಲೇಬಲ್ಲಿನಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತನ್ನೂ 'ಆರ್' ಅಕ್ಷರದ ಮುಂದೆ 8 ಅಂಕಿಗಳಿರುವ ನೋಂದಣಿ ಸಂಖ್ಯೆಯನ್ನೂ ಹುಡುಕಬೇಕು. 2012ರ ಕಡ್ಡಾಯ ನೋಂದಣಿ ಆದೇಶದಡಿ ಬಂದ ಗುರುತು ಇದು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಅದು ನಿಜವೇ ಎಂದು ಅಂಗಡಿಯಲ್ಲೇ ನಿಂತು ತಿಳಿಯಬಹುದು. ಕೈಯಲ್ಲಿ ಹಿಡಿದಾಗ ಹತ್ತಿಯಂತೆ ಹಗುರವಾಗಿರುವ, ಗುರುತಿಲ್ಲದ ಅಡಾಪ್ಟರಿನಲ್ಲಿ ಗೋಡೆಯ ಕಡೆಗೂ ನಮ್ಮ ಕಡೆಗೂ ನಡುವಿನ ಸುರಕ್ಷಿತ ಅಂತರದಲ್ಲೇ ಜಿಪುಣತನ ಮಾಡಿರುತ್ತಾರೆ ಎಂಬ ಭಯ ನನಗೆ, ಮತ್ತು ಗಿಟಾರಿನ ತಂತಿಗಳು ಅದೇ ಗ್ರೌಂಡಿಗೆ ಸೇರಿರುತ್ತವೆ ಎಂಬುದನ್ನು ನೆನೆದರೆ ಅದು ಅತಿಯಾದ ಭಯವೇನಲ್ಲ. ಸರಿಯಾದ ಎರಡು ಪಿನ್ನಿನ ಸ್ವಿಚಿಂಗ್ ಅಡಾಪ್ಟರಿನಲ್ಲೂ ಒಳಗಿನ ಒಂದು ಕೆಪಾಸಿಟರ್ ಮೂಲಕ ಅತ್ಯಲ್ಪ ಸೋರಿಕೆ ಇರುತ್ತದೆ. ಆಷಾಢದಲ್ಲಿ ಒದ್ದೆ ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ ನಿಂತು ನುಡಿಸಿದರೆ ಬೆರಳು ಜುಮ್ಮೆನ್ನುವುದು ಇದರಿಂದ. ಆ್ಯಂಪ್ಲಿಫೈಯರಿನ ಮೂರನೆಯ ಪಿನ್ನಿಗೆ ಅರ್ತ್ ಸರಿಯಾಗಿ ಸಿಕ್ಕರೆ ಅದು ನಿಲ್ಲುತ್ತದೆ. ಜುಮ್ಮೆನ್ನುವುದನ್ನು ಮೀರಿ ಹೊಡೆದರೆ ಅಡಾಪ್ಟರಿನ ಮೇಲೆ ತಪ್ಪು ಹೊರಿಸದೆ ಮೊದಲು ಸಭಾಂಗಣದ ಸಾಕೆಟ್ಟನ್ನು ಪರೀಕ್ಷಿಸಬೇಕು.

ಯಾವ ಅಡಾಪ್ಟರಾದರೂ ಪೆಡಲ್‌ಗೆ ಚುಚ್ಚುವ ಮೊದಲು ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕೆಂಪು ಮೊನೆಯನ್ನು ಪಿನ್ನಿನ ತೂತಿನೊಳಗೂ ಕಪ್ಪನ್ನು ಹೊರ ಕೊಳವೆಗೂ ತಾಗಿಸಿ ನೋಡುತ್ತೇನೆ. ಅಂಕಿಯ ಮುಂದೆ ಮೈನಸ್ ಗುರುತು ಬಂದರೆ ನಡುಭಾಗ ಮೈನಸ್ ಎಂದರ್ಥ. ಡಿಸಿಯಲ್ಲಿ ಸೊನ್ನೆಯ ಆಸುಪಾಸು ತೋರಿಸಿ ಎಸಿಗೆ ತಿರುಗಿಸಿದಾಗ 9 ಅಥವಾ 10 ತೋರಿಸಿದರೆ ಅದು ಎಸಿ ಅಡಾಪ್ಟರ್. ಆಮೇಲೆ 1000 ಓಮ್‌ನ ಒಂದು ರೆಸಿಸ್ಟರನ್ನು ಅಡ್ಡಲಾಗಿ ಹಿಡಿದು ಮತ್ತೊಮ್ಮೆ ಅಳೆಯುತ್ತೇನೆ. ಹಾಗೆ ಹಿಡಿದಾಗ ಹರಿಯುವುದು ಸುಮಾರು 9 ಮಿಲಿಆಂಪಿಯರ್, ಅಂದರೆ ಒಂದು ಪೆಡಲ್‌ನಷ್ಟೇ ಹೊರೆ. ಆಗಲೂ 9.6ರೊಳಗೆ ನಿಂತರೆ ನಿಯಂತ್ರಿತವೆಂದು ಬಿಳಿ ಟೇಪಿನ ಮೇಲೆ ಬರೆದು ಅಂಟಿಸುತ್ತೇನೆ, 12ರ ಹತ್ತಿರ ನಿಂತರೆ ಎಸಿಎ ಪೆಡಲ್‌ಗೆ ಎಂದು ಬರೆದು ಬೇರೆ ಡಬ್ಬಿಗೆ ಹಾಕುತ್ತೇನೆ. ಮಲ್ಪೆಯ ಕಡೆ ಕಡಲ ಗಾಳಿಗೆ ಪಿನ್ನಿಗೂ ಸಾಕೆಟ್ಟಿಗೂ ಬೇಗ ಕಿಲುಬು ಹಿಡಿಯುವುದರಿಂದ, ಅಳತೆ ಆಗಾಗ ಜಿಗಿದರೆ ಅಡಾಪ್ಟರನ್ನು ಎಸೆಯುವ ಮುನ್ನ ಪಿನ್ನನ್ನು ಒರಸಿ ಇನ್ನೊಮ್ಮೆ ನೋಡಬೇಕು.